ಬಣ್ಣದಕ್ಕನ ಸೋಪು ಮುಟ್ಟದ ಬಟ್ಟೆಗಳು

ಬಣ್ಣದಕ್ಕ ಬಣ್ಣದ ಬಟ್ಟೆ ತೊಡುವವಳಲ್ಲ. ಬೂದಿ, ಕಂದು, ತಿಳಿನೀಲಿ, ಇಷ್ಟಕ್ಕೆ ಅವಳ ಬೀರು ಮುಗಿಯುತ್ತದೆ. ಆದರೂ ಪ್ರಯೋಗಶಾಲೆಯ ಗೇಟಿನ ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ಅದು ಕಸುಬಿನಿಂದ ಅಂಟಿಕೊಂಡ ಹೆಸರು. ನೋಡುವುದಕ್ಕೆ ನೀರಿನಂತೆ ತೆಪ್ಪಗಿದ್ದು, ತಾನು ಹುಡುಕುತ್ತಿರುವ ವಸ್ತು ಹತ್ತಿರ ಬಂದ ಕೂಡಲೇ ಬೆಳಕು ಬೀರುವ ಅಣುಗಳನ್ನು ಅವಳು ಕಟ್ಟುತ್ತಾಳೆ. ಅಂಥ ಅಣುವನ್ನು ಜೀವಕೋಶದೊಳಗೆ ಬಿಟ್ಟರೆ, ಯಾವ ವಸ್ತು ಯಾವ ಮೂಲೆಯಲ್ಲಿದೆ ಎಂದು ಅದು ದೀಪ ಹಚ್ಚಿ ತೋರಿಸುತ್ತದೆ.

ಇದನ್ನು ಅವಳು ಅತ್ತೆಗೆ ವಿವರಿಸಿದ್ದು ಒಂದು ಮಧ್ಯಾಹ್ನ, ಕಿಟಕಿಯ ಪಕ್ಕ ಕೂತು. ಅತ್ತೆ ಬಹಳ ವರ್ಷ ಹೊಲಿಗೆ ಯಂತ್ರ ತುಳಿದವರು, ಮಾತನ್ನೂ ಬಟ್ಟೆಯಂತೆ ಅಳೆದು ಕತ್ತರಿಸುವವರು.

"ಅಲ್ಲಮ್ಮ, ಬೆಳಗೋ ಪುಡಿ ಮಾಡ್ತೀಯ ಸರಿ. ಸುಮ್ಮನೆ ಇರೋದು ಯಾಕೆ, ಆಮೇಲೆ ಬೆಳಗೋದು ಯಾಕೆ? ಅದಕ್ಕೇನು ಹಟವಾ?"

"ಅದಕ್ಕೊಂದು ತೋಳು ಅಂಟಿಸಿರ್ತೀನಿ ಅತ್ತೆ. ಕಳ್ಳ ತೋಳು. ಅಣು ಬೆಳಕು ಕೊಡೋಕೆ ಹೊರಟ್ರೆ ಮಧ್ಯದಲ್ಲೇ ಕದ್ದುಬಿಡುತ್ತೆ. ಸತು ಬಂದು ಆ ತೋಳಿನ ಮೇಲೆ ಕೂತ್ಕೊಂಡ್ರೆ ಕದಿಯೋಕೆ ಕೈ ಬಿಡುವಿರಲ್ಲ. ಆಗ ಬೆಳಕು ಹೊರಗೆ ಬರುತ್ತೆ."

"ಮಡಿಲಿಗೆ ಕೂಸು ಕೊಟ್ಟು ಕೂರಿಸಿದ ಹಾಗೆ."

"ಅದೇ. ಇಷ್ಟು ಹೇಳೋಕೆ ನಾನು ಒಂದು ಪುಸ್ತಕದಷ್ಟು ಬರೆದಿದ್ದೀನಿ."

ಸತುವನ್ನೇ ಹುಡುಕುವುದಕ್ಕೆ ಕಾರಣವಿತ್ತು. ನಮ್ಮ ಮೈಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಅದನ್ನು ಸತುವಿನ ಜೊತೆ ಗಂಟು ಕಟ್ಟಿ ಪುಟ್ಟ ಪುಟ್ಟ ಚೀಲಗಳಲ್ಲಿ ಕೂಡಿಡುತ್ತವೆ. ಸತು ಎಲ್ಲಿ ಎಷ್ಟಿದೆ ಎಂದು ಕಂಡರೆ, ಸಕ್ಕರೆ ಕಾಯಿಲೆಯಲ್ಲಿ ಆ ಕೋಶಗಳು ಎಲ್ಲಿ ಸೋಲುತ್ತವೆ ಎಂದು ಹುಡುಕಬಹುದು. ಅದಕ್ಕೆ ತಕ್ಕ ಅಣುವಿಗಾಗಿ ಬಣ್ಣದಕ್ಕ ವರ್ಷಗಟ್ಟಲೆ ಮೈಮುರಿದು ದುಡಿದಳು. ಒಂದು ಅಣು ನೀರಿಗೆ ಹಾಕಿದರೆ ಎಣ್ಣೆಯಂತೆ ತೇಲಿತು. ಒಂದು ಚೆನ್ನಾಗಿ ಕರಗಿತು, ಆದರೆ ಕೋಶಗಳನ್ನೇ ಕೊಂದಿತು. ಇನ್ನೊಂದು, ಮದುವೆಮನೆಯಲ್ಲಿ ಎದುರು ಸಿಕ್ಕವರಿಗೆಲ್ಲ ಹಲ್ಲು ಕಿರಿಯುವ ದೂರದ ನೆಂಟನ ಹಾಗೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ಯಾವುದು ಬಂದರೂ ಬೆಳಗಿತು.

ಕೊನೆಗೆ ಸರಿಹೋದ ಅಣುವಿನ ತೋಳನ್ನು ಎಷ್ಟು ಗಿಡ್ಡ ಮಾಡಬೇಕೆಂದು ಅವಳಿಗೆ ಹೊಳೆದದ್ದು ಅಡುಗೆಮನೆಯಲ್ಲಿ, ಹಾಲು ಕಾಯುವುದನ್ನು ನೋಡುತ್ತ ನಿಂತಾಗ. ಇದನ್ನು ಒಮ್ಮೆ ಯಾವುದೋ ಸಭೆಯಲ್ಲಿ ಹೇಳಿದ್ದಕ್ಕೆ, ಅಡುಗೆಮನೆಯೇ ಹೆಣ್ಣಿನ ಮೊದಲ ಪ್ರಯೋಗಶಾಲೆ ಎಂದು ಒಬ್ಬರು ಎದ್ದು ನಿಂತು ಭಾಷಣ ಮಾಡಿದರು, ಸಭೆ ಚಪ್ಪಾಳೆ ತಟ್ಟಿತು. ಬಣ್ಣದಕ್ಕನಿಗೆ ಮೈ ಉರಿಯಿತು. ಅಡುಗೆಮನೆ ಅಡುಗೆಮನೆಯೇ. ಅಲ್ಲಿ ನಿಂತು ಅಣುವಿನ ಬಗ್ಗೆ ಯೋಚಿಸಿದ್ದು ಬೇರೆಲ್ಲೂ ಕೂತು ಯೋಚಿಸಲು ಬಿಡುವು ಸಿಗದಿದ್ದಕ್ಕೆ. ಅವತ್ತು ಹಾಲು ಉಕ್ಕಿ ಒಲೆಯೆಲ್ಲ ಕೊಳೆಯಾಯಿತು, ಅದನ್ನು ಒರೆಸಿದವಳೂ ಅವಳೇ. ಆ ಭಾಗಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೆಲಸದಲ್ಲಿ ಅವಳಿಗೆ ಅವಳದೇ ಒಂದು ಪದ್ಧತಿ. ಬೆಳಕಳೆಯುವ ಯಂತ್ರದಲ್ಲಿಡುವ ಚೌಕ ಗಾಜಿನ ಕೊಳವೆಗಳನ್ನು ಒರೆಸುವುದಕ್ಕೆ ಎಲ್ಲರೂ ಡಬ್ಬಿಯಿಂದ ಟಿಶ್ಯೂ ಕಾಗದ ಎಳೆಯುತ್ತಾರೆ. ಕಾಗದ ಗೀರು ಬೀಳಿಸುತ್ತದೆ ಎಂಬುದು ಬಣ್ಣದಕ್ಕನ ವಾದ. ಅವಳದು ಬಟ್ಟೆ. ಹೊದ್ದು ಹೊದ್ದು ಸವೆದು, ಉಸಿರು ತಾಗಿದರೆ ಅಲುಗಾಡುವಷ್ಟು ಮೆತ್ತಗಾದ, ಸದಾ ಬರೀ ನೀರಲ್ಲೇ ಜಾಲಿಸಿದ ಹತ್ತಿಯ ಹೊದಿಕೆಯನ್ನು ಅತ್ತೆ ಹಲ್ಲುಕತ್ತರಿಯಿಂದ ಅಂಗೈಯಗಲದ ಚೌಕಗಳಾಗಿ ಕತ್ತರಿಸಿಕೊಡುತ್ತಿದ್ದರು. ಹಾಗೆ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ. ಬಣ್ಣದಕ್ಕ ಅವನ್ನು ಹಿಡಿ ಕಿತ್ತುಹೋದ ಒಂದು ಹಳೆಯ ಪಾತ್ರೆಯಲ್ಲಿ ಬರೀ ನೀರಲ್ಲಿ ಕುದಿಸಿ, ಬಾಲ್ಕನಿಯ ಬೇರೆಯದೇ ದಾರದಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಒಯ್ಯುತ್ತಿದ್ದಳು. ಸೋಪಿನ ಸೋಂಕೂ ಇಲ್ಲ. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಯ ಕೆಲಸವನ್ನು ಒಬ್ಬಳೇ ಮಾಡುವವಳು ಅದರ ಕಾರಣಗಳನ್ನು ಯಾರ ಮುಂದೆ ಹೇಳುತ್ತ ಕೂರಬೇಕು?

ಹೀಗಿರುವಾಗ ಅವಳ ಬಲ ಭುಜ ಹಿಡಿದುಕೊಂಡಿತು. ತೋಳು ಎತ್ತಿ ಬಟ್ಟೆ ಒಣಹಾಕುವಂತಿಲ್ಲ ಎಂದು ಡಾಕ್ಟರು ಹೇಳಿದರು. ಸರಿಯಾಗಿ ಅದೇ ಸಮಯಕ್ಕೆ ಅವಳ ಗಂಡನ ಕಚೇರಿಯಲ್ಲಿ ನಕ್ಷೆ ಬರೆಯುವ ವಿಭಾಗವನ್ನು ಮುಚ್ಚಿದರು. ನಕ್ಷೆಗಾರ ಪೆನ್ಸಿಲು, ಅಳತೆಪಟ್ಟಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದ. ಕೆಲವು ದಿನ ಕಿಟಕಿಯಾಚೆ ನೋಡುತ್ತ ಕೂತ. ಆಮೇಲೊಂದು ಬೆಳಿಗ್ಗೆ ರಾಜ್ಯ ಬಿಟ್ಟುಕೊಡುವವನ ಗಾಂಭೀರ್ಯದಲ್ಲಿ, "ಇವತ್ತಿಂದ ಬಟ್ಟೆ ನನ್ನದು," ಅಂದ.

"ಮೆಷಿನ್ ತಾನೇ ಒಗೆಯೋದು," ಅಂದರು ಅತ್ತೆ.

"ಹಾಗಂತ ನಾನೂ ಅಂದ್ಕೊಂಡಿದ್ದೆ ಅಮ್ಮ," ಅಂದ ಅವನು ಆ ವಾರದ ಕೊನೆಗೆ, ಒದ್ದೆ ಕಾಲುಚೀಲದ ಜೋಡಿ ಹುಡುಕುತ್ತ.

ಅವನು ಕೆಲಸಗಳ್ಳನಲ್ಲ. ಹಗ್ಗದ ಮೇಲೆ ಯಾವ ಬಟ್ಟೆ ಎಲ್ಲಿ ಬರಬೇಕೆಂದು ಅಳತೆಯಿಟ್ಟು ನಕ್ಷೆ ಬರೆದ. ಉದ್ದದವು ಗೋಡೆಯ ಕಡೆ, ಗಿಡ್ಡವು ಗಾಳಿಯ ಕಡೆ. ಅಂಗಡಿಯಲ್ಲಿ ಪುಡಿಯ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ಓದಿ, ಅಂಗಿಯ ಎದೆಯ ಮೇಲೆ ನಕ್ಷತ್ರ ಮಿನುಗುವ ಚಿತ್ರವಿದ್ದ ಪೊಟ್ಟಣವನ್ನು ಆರಿಸಿದ. ಹಾಕಬೇಕಾದ್ದಕ್ಕಿಂತ ಒಂದು ಚಮಚ ಹೆಚ್ಚೇ ಹಾಕಿದ. ಬಟ್ಟೆ ಕಣ್ಣು ಕೋರೈಸಿತು. ತಾರಸಿಯಲ್ಲಿ ಕೆಳಮನೆಯ ಹೆಂಗಸು ಬಣ್ಣದಕ್ಕನ ಕೈ ಹಿಡಿದು, "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣ್ರೀ," ಅಂದಳು. ಇಷ್ಟು ವರ್ಷ ಬಣ್ಣದಕ್ಕ ಒಗೆದಾಗ ಅವನ ಪುಣ್ಯದ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಭುಜಕ್ಕೆ ಹಾಯಾಗಿತ್ತು, ಅದಕ್ಕಿಂತ ಮನಸ್ಸಿಗೆ ಹಾಯಾಗಿತ್ತು.

ಒಂದು ಬೆಳಿಗ್ಗೆ ಬಾಲ್ಕನಿಯ ಮೂಲೆಯಲ್ಲಿದ್ದ ಮಂಕು ಚೌಕಗಳು ನಕ್ಷೆಗಾರನ ಕಣ್ಣಿಗೆ ಬಿದ್ದವು. ಪಾಪ, ಇವಕ್ಕೆ ಸೋಪು ಹಾಕಲೂ ಇವಳಿಗೆ ಪುರುಸೊತ್ತಿಲ್ಲ ಎಂದುಕೊಂಡು, ನಕ್ಷತ್ರದ ಪುಡಿ ಧಾರಾಳವಾಗಿ ಸುರಿದು ಒಗೆದು, ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಕಾಗದದಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟ. ಪ್ರಯೋಗಶಾಲೆಯಲ್ಲಿ ಪೊಟ್ಟಣ ಬಿಚ್ಚಿದ ಬಣ್ಣದಕ್ಕ ಆ ಮಡಿಕೆಗಳನ್ನು ನೋಡಿದಳು. ಕುದಿಸಿದ್ದಾರೆ, ಮೇಲೆ ಇಷ್ಟು ನೀಟಾಗಿ ಮಡಿಸಿಯೂ ಇಟ್ಟಿದ್ದಾರೆ ಎಂದು ಅವಳಿಗೆ ಕರುಳು ಚುರುಕ್ಕೆಂದಿತು.

ಅವಳ ಅಣುವಿನ ಹಣೆಬರಹ ನಿರ್ಧಾರವಾಗುವ ಸಮಯವದು. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಕೋಶಗಳ ಅಧ್ಯಯನ ಮಾಡುವ ಡಾಕ್ಟರಮ್ಮ ಇವರ ಪ್ರಯೋಗಶಾಲೆಯಿಂದ ಒಂದೇ ಒಂದು ಅಣುವನ್ನು ಆರಿಸಿಕೊಂಡು ದೊಡ್ಡ ಕೆಲಸಕ್ಕೆ ಕೈಹಾಕುವವರಿದ್ದರು. ಕಣದಲ್ಲಿದ್ದದ್ದು ಎರಡು. ಒಂದು ಬಣ್ಣದಕ್ಕನದು, ಸತು ಸಿಕ್ಕರೆ ನೀಲಿ ಬೆಳಕು. ಇನ್ನೊಂದು ಅವಳ ಪಕ್ಕದ ಮೇಜಿನ ಸಹೋದ್ಯೋಗಿಯದು, ಕೆಂಪು ಬೆಳಕು. ಯಾವ ಕೆಲಸ ಎಲ್ಲಿಗೆ ಬಂತೆಂದು ಕೇಳಿದರೂ "ಮುಕ್ಕಾಲು ಆಯ್ತು" ಎನ್ನುವ ಅವನಿಗೆ ಮುಕ್ಕಾಲು ಎಂದೇ ಹೆಸರು. ಆರಿಸದೆ ಉಳಿದ ಅಣು ಫ್ರೀಜರಿನ ಕೆಳಖಾನೆಗೆ ಹೋಗುತ್ತದೆ. ಆ ಖಾನೆಯಿಂದ ವಾಪಸ್ ಬಂದ ಅಣುವನ್ನು ಇನ್ನೂ ಯಾರೂ ನೋಡಿಲ್ಲ.

ಆಸ್ಪತ್ರೆಗೆ ಒಯ್ಯುವ ಮುನ್ನ ಬಣ್ಣದಕ್ಕ ಕೊನೆಯ ಸಲ ಎಲ್ಲವನ್ನೂ ಅಳೆದು ನೋಡಿದಳು. ಸತು ಹಾಕದ ಕೊಳವೆ ಕತ್ತಲಾಗಿರಬೇಕು. ಅದು ನೀಲಿಯಾಗಿ ಬೆಳಗಿತು. ಅಣುವನ್ನೇ ಹಾಕದ ಬರೀ ನೀರಿಟ್ಟು ನೋಡಿದಳು. ಅದಕ್ಕೆ ಅವರಲ್ಲಿ ಬ್ಲಾಂಕ್ ಎನ್ನುತ್ತಾರೆ. ಅದೂ ಬೆಳಗಿತು.

"ಅಕ್ಕ, ನಿಮ್ಮ ಅಣು ಎಷ್ಟು ಚುರುಕು ಅಂದ್ರೆ ಇಲ್ಲದೇ ಇದ್ದಾಗಲೂ ಕೆಲಸ ಮಾಡುತ್ತೆ," ಅಂದ ಮುಕ್ಕಾಲು.

"ನಿನ್ನ ಹಾಗಲ್ಲ ಬಿಡು."

ನಕ್ಕಳು, ಕೂಡಲೇ ಕೆಲಸಕ್ಕೆ ಬಿದ್ದಳು. ನೀರು ಬದಲಿಸಿದಳು. ಹೊಸ ಬಾಟಲಿಯ ಸೀಲು ಒಡೆದಳು. ಕೊಳವೆಗಳನ್ನು ಆಮ್ಲದಲ್ಲಿ ನೆನೆಹಾಕಿ, ತೊಳೆದು, ತನ್ನ ಬಟ್ಟೆಯಿಂದ ಚೆನ್ನಾಗಿ ಒರೆಸಿದಳು. ಯಂತ್ರದಲ್ಲಿ ಗೆರೆ ಮೊದಲಿಗಿಂತ ಮೇಲೇರಿತು. ಇನ್ನೂ ಚೆನ್ನಾಗಿ ಒರೆಸಿದಳು. ಇನ್ನೂ ಮೇಲೇರಿತು. ಹೊಸ ಕೊಳವೆಗಳನ್ನೇ ತರಿಸಿ, ಪೆಟ್ಟಿಗೆಯಿಂದ ತೆಗೆದ ಕೂಡಲೇ ಒಂದೊಂದನ್ನೂ ಕೂಸಿನ ಕೆನ್ನೆ ಒರೆಸುವಂತೆ ಒರೆಸಿ ಇಟ್ಟಳು. ಅವೂ ಬೆಳಗಿದವು. ತಾನು ತೊಳೆದಷ್ಟೂ ಕೊಳೆ ಹೆಚ್ಚುವುದು ಅವಳ ಬದುಕಿನಲ್ಲಿ ಅದೇ ಮೊದಲು. ಪಕ್ಕದ ಮೇಜಿನಲ್ಲಿ ಟಿಶ್ಯೂ ಎಳೆದು ಎಳೆದು ಬಿಸಾಡುವ ಮುಕ್ಕಾಲಿನ ಕೆಂಪು ಅಣು ಮಾತ್ರ ಹೇಳಿದಷ್ಟು ಕೇಳಿಕೊಂಡು ಬಿದ್ದಿತ್ತು.

ಆಸ್ಪತ್ರೆಯ ಸೂಕ್ಷ್ಮದರ್ಶಕ ಬೇಕೆಂದಾಗ ಸಿಗುವಂಥದ್ದಲ್ಲ. ಗೊತ್ತುಮಾಡಿದ ಬೆಳಿಗ್ಗೆ ಇಬ್ಬರೂ ಹೋಗಲೇಬೇಕಾಯಿತು. ಡಾಕ್ಟರಮ್ಮ ಮಾತು ಕಡಿಮೆ, ಕಣ್ಣು ಚುರುಕು. ಅಣು ಹಾಕದ ಕೋಶಗಳು, ಅಣು ಹಾಕಿ ಸತುವನ್ನು ಹೀರಿ ತೆಗೆದ ಕೋಶಗಳು, ಅಣು ಮತ್ತು ಸತು ಎರಡೂ ಇದ್ದ ಕೋಶಗಳು, ಹೀಗೆ ಮೂರು ಗಾಜುಗಳು. ಮೊದಲೆರಡು ಕತ್ತಲಾಗಿರಬೇಕು. ಬಣ್ಣದಕ್ಕ ಮೂರನ್ನೂ ತನ್ನ ಬಟ್ಟೆಯಿಂದ ಒರೆಸಿ ಕೊಟ್ಟಳು. ಪರದೆಯ ಮೇಲೆ ಮೂರರಲ್ಲೂ ನೀಲಿ ಮಂಜು. ಮಂಜಿನ ನಡುವೆ ಸುರುಳಿ ಸುರುಳಿ ನೀಲಿ ಎಳೆಗಳು.

"ನಿಮ್ಮ ಅಣುವಿಗೆ ಕೂದಲು ಬೆಳೆದಿದೆಯಲ್ಲ," ಅಂದರು ಡಾಕ್ಟರಮ್ಮ. ನಗಲಿಲ್ಲ. "ಸತು ಇಲ್ಲದ ಕಡೆಯೂ ಇದೆ ಅನ್ನೋ ಅಣುವನ್ನ ಇಟ್ಕೊಂಡು ನಾನೇನ್ ಮಾಡ್ಲಿ? ರೋಗಿಯ ಕೋಶದಲ್ಲೂ ಅದು ಹೀಗೇ ಸುಳ್ಳು ಹೇಳಿದ್ರೆ?"

"ಅಣು ಹಾಕದ ಗಾಜಲ್ಲೂ ಬರ್ತಿದೆ ಮೇಡಂ. ಇದು ಅದರ ಬೆಳಕಲ್ಲ."

"ಹಾಗಾದ್ರೆ ಯಾರದು ಅಂತ ಹುಡುಕಿ ತನ್ನಿ. ಇನ್ನೊಂದು ಬೆಳಿಗ್ಗೆ ಕೊಡ್ತೀನಿ. ಅವತ್ತು ನಾನು ಒಂದನ್ನ ಆರಿಸಲೇಬೇಕು."

ಬಣ್ಣದಕ್ಕ ಪರದೆಯನ್ನೇ ನೋಡುತ್ತಿದ್ದಳು. ಆ ಎಳೆಗಳು ಸುಮ್ಮನೆ ಬಳುಕಿರಲಿಲ್ಲ. ಚಪ್ಪಟೆಯಾಗಿದ್ದು, ಅಲ್ಲಲ್ಲಿ ತಿರುಚಿಕೊಂಡಿದ್ದವು, ತಿರುವಿಬಿಟ್ಟ ರಿಬ್ಬನ್ನಿನಂತೆ. ಹತ್ತಿಯ ನಾರು ಹಾಗೆ ತಿರುಚಿಕೊಳ್ಳುತ್ತದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಮುಕ್ಕಾಲು ಸಮಾಧಾನದ ಮಾತು ಹುಡುಕುತ್ತಿದ್ದರೆ ಅವಳು ಅವನ ಅಂಗಿಯ ತೋಳನ್ನು ದಿಟ್ಟಿಸುತ್ತಿದ್ದಳು.

ಪ್ರಯೋಗಶಾಲೆಗೆ ಬಂದವಳೇ ಕಿಟಕಿಗಳ ಕಪ್ಪು ಪರದೆ ಎಳೆದು, ನೇರಳಾತೀತ ದೀಪ ಹಚ್ಚಿ, ತನ್ನ ಬಟ್ಟೆಗಳ ಪೊಟ್ಟಣ ಬಿಚ್ಚಿದಳು. ಹಾಲು ಚೆಲ್ಲಿದಂತೆ ನೀಲಿ ಬೆಳಕು ಮೇಜಿನ ಮೇಲೆ ಹರಡಿತು. ಅವಳ ಬಿಳಿ ಕೋಟು ಬೆಳಗಿತು. ಅವಳ ಕರ್ಚೀಫು ಬೆಳಗಿತು. ನೋಡಲು ಬಂದ ಮುಕ್ಕಾಲಿನ ಕಾಲರು ಬೆಳಗಿತು.

"ಇದೇನಕ್ಕ ಇದು, ನಾವೆಲ್ಲ ಮಿಣುಕುಹುಳಗಳಾ?"

ಬಣ್ಣದಕ್ಕ ಕುರ್ಚಿಯ ಮೇಲೆ ಕುಸಿದು ಕೂತು ನಗತೊಡಗಿದಳು. ಒಗೆಯುವ ಪುಡಿಗಳಲ್ಲಿ ಇಂಥದೇ ಒಂದು ಅಣುವನ್ನು ಬೆರೆಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬಿಸಿಲಿನ ಕಾಣದ ಬೆಳಕನ್ನು ಹೀರಿ ಅದು ಕಾಣುವ ನೀಲಿಯನ್ನು ಬೀರುತ್ತದೆ, ಹಳದಿಯಾದ ಬಟ್ಟೆ ಬೆಳ್ಳಗಿದೆಯೆಂದು ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಆ ಭಯಕ್ಕೇ ಅವಳು ಬಟ್ಟೆಗಳಿಗೆ ಸೋಪು ಸೋಕಿಸದೆ ಇದ್ದದ್ದು. ಆ ಅಣುವನ್ನೂ ಎಲ್ಲೋ ಯಾರೋ ತನ್ನಂಥವಳೇ ಕೂತು ಕಟ್ಟಿರಬೇಕು. ಹತ್ತಿಯನ್ನು ಹಿಡಿದರೆ ಬಿಡುವುದಿಲ್ಲ, ಗಾಜಿಗೆ ದಾಟುತ್ತದೆ, ಆಮ್ಲಕ್ಕೆ ಜಗ್ಗುವುದಿಲ್ಲ. ತನ್ನದಕ್ಕಿಂತ ಗಟ್ಟಿಗಿತ್ತಿ ಎಂದು ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ವಿಷಯ ತಿಳಿದ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿದರು. "ಇಷ್ಟೇನಾ? ಟಿಶ್ಯೂ ಬಳಸಿ, ಮುಗೀತು."

"ಟಿಶ್ಯೂ ಬಳಸಿ ಕತ್ತಲೆ ಬಂದ್ರೆ, ಬಟ್ಟೆ ಬೇಡ ಅಂತಷ್ಟೇ ಗೊತ್ತಾಗುತ್ತೆ ಸರ್. ಬಟ್ಟೆಯ ತಪ್ಪಾ, ಸೋಪಿನ ತಪ್ಪಾ ಅಂತ ತಿಳಿಯಲ್ಲ. ಡಾಕ್ಟರಮ್ಮ ಯಾರು ಅಂತ ಕೇಳಿದಾರೆ. ಅದೇ ಹೊದಿಕೆಯಿಂದ ಸೋಪು ಹಾಕಿದ ಚೌಕ, ಬರೀ ನೀರಲ್ಲಿ ಕುದಿಸಿದ ಚೌಕ, ಎರಡನ್ನೂ ತಗೊಂಡು ಹೋಗಿ ಎದುರಿಗೆ ತೋರಿಸ್ತೀನಿ."

"ಒಳ್ಳೇದು. ಆದ್ರೆ ಈ ಸಲ ನೀವೇ ಕುದಿಸ್ಕೊಳ್ಳಿ," ಅಂದರು ಅವರು. ಮುಕ್ಕಾಲೂ ತಲೆಯಾಡಿಸಿದ. "ಹೌದಕ್ಕ, ಅಣ್ಣನ ಕೈಗೆ ಮತ್ತೆ ಕೊಡಬೇಡಿ. ನಿಮ್ಮ ಇಷ್ಟು ವರ್ಷದ ಕೆಲಸ."

"ನೀನು ಬಂದ ಹೊಸದರಲ್ಲಿ ಫ್ಲಾಸ್ಕ್ ಒಡೆದೆಯಲ್ಲ, ಆಗ ನಿನಗೆ ಏನಂದೆ?"

ಮುಕ್ಕಾಲು ಯೋಚಿಸಿದ. "ಇನ್ನೊಂದು ಫ್ಲಾಸ್ಕ್ ತಗೊಂಡು ಬಾ ಅಂದ್ರಿ."

"ಹ್ಞಾಂ."

ಬಾಯಲ್ಲಿ ಹೀಗಂದಳು, ಆದರೆ ಬಸ್ಸಿನಲ್ಲಿ ಕೂತಾಗ ಅವಳಿಗೇ ಧೈರ್ಯ ಸಾಲಲಿಲ್ಲ. ತಾನೇ ಕುದಿಸಿದರೆ ಕೈಯಳತೆಯ ಕೆಲಸ, ಯಾರಿಗೂ ಗೊತ್ತೂ ಆಗುವುದಿಲ್ಲ. ಆದರೆ ಚೌಕ ವಾಪಸ್ ತಗೊಂಡರೆ ನಾಳೆ ಕೋಟು, ನಾಡಿದ್ದು ಮನೆಯವರ ಬಟ್ಟೆಯೆಲ್ಲ ಒಂದೊಂದಾಗಿ ನಡೆದುಕೊಂಡು ಅವಳ ಕೈಗೇ ಬಂದು ಸೇರುತ್ತದೆ. ಹೆಂಗಸರ ಕೈಗೆ ಕೆಲಸ ತಿರುಗಿ ಬರುವುದು ಹಾಗೆಯೇ. ಯಾರೂ ಹೊರಿಸಬೇಕಾಗಿಲ್ಲ, ಬೇರೆಯವರು ಒಂದು ಸಲ ಕೆಡಿಸಿದರೆ ಸಾಕು. ಒಂದು ತಟ್ಟೆಯಲ್ಲಿ ಅಣು, ಇನ್ನೊಂದರಲ್ಲಿ ಒಂದು ಬಕೆಟ್ಟು. ಮನೆ ತಲುಪುವವರೆಗೂ ತಕ್ಕಡಿ ತೂಗುತ್ತಲೇ ಇತ್ತು.

ಮನೆಯಲ್ಲಿ ವಿಷಯ ಹೇಳಿದಾಗ ನಕ್ಷೆಗಾರನ ಮುಖ ಇಳಿಯಿತು. "ಬೆಳ್ಳಗಾಗಲಿ ಅಂತ ಹಾಕಿದ್ದು ಕಣೇ. ಎಷ್ಟು ಮಂಕಾಗಿದ್ವು ಗೊತ್ತಾ."

"ಗೊತ್ತು. ಮಂಕಾಗೇ ಇರಬೇಕಿತ್ತು."

"ಗಂಡಸ್ರಿಗೆ ಕೆಲಸ ಕೊಟ್ರೆ ಹೀಗೇ," ಅಂದರು ಅತ್ತೆ. "ಬಿಡೋ, ಅವಳೇ ಮಾಡ್ಕೋತಾಳೆ. ಭುಜಾನೂ ಈಗ ವಾಸಿಯಾಗ್ತಾ ಬಂತು."

"ನಾನೂ ಅದೇ ಅಂದ್ಕೊಂಡೆ," ಅಂದ ನಕ್ಷೆಗಾರ. ನಾಚಿಕೆಪಟ್ಟೇ ಅಂದ. ಆದರೆ ನಾಚಿಕೆಯ ಬೆನ್ನಿಗೇ ಅವನ ಮುಖದಲ್ಲಿ ಸಣ್ಣದೊಂದು ನಿರಾಳ ಹಾದುಹೋಯಿತು, ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದವನ ಹಾಗೆ. ಬಣ್ಣದಕ್ಕ ಅದನ್ನು ನೋಡಿದಳು. ತಕ್ಕಡಿ ತಟ್ಟನೆ ನಿಂತಿತು.

"ಬನ್ನಿ ಇಬ್ರೂ," ಅಂದಳು.

ಕಿಟಕಿಯಿಲ್ಲದ ಬಚ್ಚಲಿಗೆ ಇಬ್ಬರನ್ನೂ ಕರೆದೊಯ್ದು, ಆಗತಾನೇ ಹಗ್ಗದಿಂದ ತೆಗೆದ ಬಟ್ಟೆಗಳ ಬುಟ್ಟಿಯನ್ನು ಮಧ್ಯಕ್ಕಿಟ್ಟು, ಬಾಗಿಲು ಹಾಕಿ, ಪ್ರಯೋಗಶಾಲೆಯಿಂದ ತಂದಿದ್ದ ಪುಟ್ಟ ನೇರಳಾತೀತ ಟಾರ್ಚನ್ನು ಒತ್ತಿದಳು. ಬುಟ್ಟಿ ಧಗ್ಗೆಂದು ನೀಲಿಯಾಯಿತು. ನಕ್ಷೆಗಾರನ ಬನಿಯನ್ನು ಕತ್ತಲಲ್ಲಿ ಒಂಟಿಯಾಗಿ ತೇಲಿತು. ಪುಡಿ ಅಳೆದು ಸುರಿದ ಅವನ ಬೆರಳ ಸಂದುಗಳಲ್ಲೂ ನೀಲಿ ಚುಕ್ಕೆಗಳು.

"ಅಬ್ಬಾ, ಮೀಸೆಯಲ್ಲೂ ಇದೆಯಲ್ಲೋ," ಅಂದರು ಅತ್ತೆ. "ಪುಡಿ ಹಾಕ್ತೀಯೋ ಮೂಸ್ತೀಯೋ?"

ಆಮೇಲೆ ಅವರು ಟಾರ್ಚು ಇಸಿದುಕೊಂಡು ಮಗನ ಅಂಗಿಯ ಕಾಲರನ್ನು ಹತ್ತಿರ ಹಿಡಿದು ನೋಡಿದರು. ಟಾರ್ಚು ಆರಿಸಿ, ಬಾಗಿಲು ತೆರೆದು, ಹಗಲು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ಮತ್ತೆ ನೋಡಿದರು.

"ಬೆಳಗುತ್ತೆ, ಆದ್ರೆ ಕಾಲರಿನ ಕೊಳೆ ಹಾಗೇ ಇದೆ."

"ಅದೇ ಅತ್ತೆ. ಅದು ಕೊಳೆ ತೆಗೆಯಲ್ಲ, ಮುಚ್ಚಿಡುತ್ತೆ."

"ಇಡೀ ಬೀದಿ ಹೊಗಳಿದ್ದು ಇದನ್ನಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಸೊಸೆಯ ಕಡೆ ತಿರುಗಿ, "ನೀನು ಒಗೀತಿದ್ದಾಗ ಕಾಲರು ಹೀಗಿರ್ತಿರಲಿಲ್ಲ. ನಾನು ಒಂದು ದಿನಾನೂ ಹೇಳಲಿಲ್ಲ ನೋಡು," ಅಂದರು.

ನಕ್ಷೆಗಾರ ಬೆರಳುಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. "ನನಗೆ ಮೊದಲೇ ಯಾಕೆ ಹೇಳಲಿಲ್ಲ ನೀನು, ಸೋಪು ಬೇಡ ಅಂತ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಮ್ಮ ತಪ್ಪು ಅರ್ಧ, ನನ್ನದು ಅರ್ಧ. ಈಗ ಹೇಳ್ತೀನಿ, ಕೇಳಿ. ಆಮೇಲೆ ನೀವೇ ಕುದಿಸಿ ಕೊಡಿ."

"ನಾನಾ? ಮತ್ತೆ ಕೆಡಿಸಿಬಿಟ್ರೆ? ನಿನ್ನ ಅಣು ಹೋಗುತ್ತಲ್ಲ."

"ಹೋಗುತ್ತೆ. ಅದಕ್ಕೇ ಕೆಡಿಸಬೇಡಿ."

ಆ ಮಾತನ್ನು ಅವಳು ಮೆಲ್ಲಗೇ ಹೇಳಿದಳು. ಅಂದು ಸಂಜೆ ಅವಳು ಅವನನ್ನು ಕೂರಿಸಿಕೊಂಡು ಅಣು, ಕಳ್ಳ ತೋಳು, ಬ್ಲಾಂಕ್ ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವನು ಅದನ್ನು ಕೇಳಿರಲಿಲ್ಲ. ನಕ್ಷೆಗಾರನಿಗೆ ಕತ್ತಲಿನ ವಿಷಯ ಬೇಗ ಹಿಡಿಸಿತು.

"ನಕ್ಷೆ ಬರೆಯೋ ಮೊದಲು ಹಾಳೆ ಹೇಗಿರಬೇಕೋ ಹಾಗೆ ಅನ್ನು. ಹಾಳೆಯಲ್ಲೇ ಗೆರೆ ಇದ್ರೆ ಯಾವುದು ದಾರಿ ಯಾವುದು ಕಲೆ?"

"ಸದ್ಯ, ನಿಮಗೆ ನನ್ನ ಕೆಲಸ ಅರ್ಥವಾಯ್ತು."

"ನಿನ್ನದಲ್ಲ, ನನ್ನದು. ಹಾಳೆ ಖಾಲಿ ಇಡೋದು ಇನ್ನು ಮೇಲೆ ನನ್ನ ಕೆಲಸ."

ಅತ್ತೆ ಅದೇ ಹೊದಿಕೆಯಿಂದ ಹೊಸ ಚೌಕಗಳನ್ನು ಕತ್ತರಿಸಿದರು. ನಕ್ಷೆಗಾರ ಪಾತ್ರೆಯನ್ನು ಹತ್ತಾರು ಸಲ ತೊಳೆದ. ಕುದಿಯುವ ನೀರಿನ ಮುಂದೆ ಕಾವಲು ನಿಂತ. ತಾಯಿ ಹತ್ತಿರ ಬಂದರೆ, "ಸ್ವಲ್ಪ ಆಚೆ ಇರಮ್ಮ, ನಿನ್ನ ಬಟ್ಟೆಯಿಂದ ಎಳೆ ಬೀಳುತ್ತೆ," ಎಂದು ಗದರಿದ. "ಹುಟ್ಟಿದಾಗಿಂದ ನನ್ನ ಬಟ್ಟೆ ಹಿಡ್ಕೊಂಡೇ ಬೆಳೆದವನು," ಎಂದು ಅತ್ತೆ ಗೊಣಗುತ್ತ ಹೋದರು. ಬಣ್ಣದಕ್ಕ ಹಣಿಕಿ ನೋಡಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋಗುವುದು, ಹಲ್ಲು ಕಚ್ಚಿ ವಾಪಸ್ ಬರುವುದು ಮಾಡುತ್ತಿದ್ದಳು. ಕೆಲಸ ಬಿಟ್ಟುಕೊಡುವುದು ಕೆಲಸ ಮಾಡುವುದಕ್ಕಿಂತ ಕಷ್ಟವೆಂದು ಅವಳಿಗೆ ಅವತ್ತು ತಿಳಿಯಿತು. ಆ ಪೊಟ್ಟಣದ ಮೇಲೆ ಟಾರ್ಚು ಬಿಟ್ಟು ನೋಡಲೂ ಇಲ್ಲ. ಡಾಕ್ಟರಮ್ಮನ ಎದುರಿಗೇ ಬಿಚ್ಚುವುದೆಂದು ನಿರ್ಧರಿಸಿದ್ದಳು.

ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ಮುಖ್ಯಸ್ಥರೂ ಬಂದಿದ್ದರು. ಬಣ್ಣದಕ್ಕ ಎರಡು ಪೊಟ್ಟಣ ಮೇಜಿನ ಮೇಲಿಟ್ಟಳು. ಮೊದಲು ನಕ್ಷತ್ರದ ಪುಡಿಯಲ್ಲಿ ಒಗೆದ ಚೌಕದಿಂದ ಖಾಲಿ ಗಾಜೊಂದನ್ನು ಒರೆಸಿದಳು. ಪರದೆಯ ಮೇಲೆ ಮತ್ತೆ ಅದೇ ಮಂಜು, ಅದೇ ಕೂದಲು. "ಇದು ನಮ್ಮ ಮನೆಯ ಬಟ್ಟೆಪುಡಿ ಮೇಡಂ," ಅಂದಳು. ಡಾಕ್ಟರಮ್ಮ ಮೊದಲ ಸಲ ನಕ್ಕರು. ನಗುತ್ತಲೇ ತಮ್ಮ ಬಿಳಿ ಕೋಟಿನ ತೋಳನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡರು.

ಆಮೇಲೆ ಎರಡನೆಯ ಪೊಟ್ಟಣ. ಅದನ್ನು ಬಣ್ಣದಕ್ಕ ಎಲ್ಲರ ಕಣ್ಣೆದುರಿಗೇ ಬಿಚ್ಚಿದಳು. ಒಳಗೆ ಮಂಕು, ಸುಕ್ಕು, ಚಂದವೇ ಇಲ್ಲದ ಚೌಕಗಳು. ಅಣು ಹಾಕದ ಗಾಜನ್ನು ಒರೆಸಿ ಇಟ್ಟಳು. ಪರದೆ ಕಪ್ಪಾಗಿತ್ತು. ಪರದೆಯೇ ಕೆಟ್ಟಿರಬಹುದೆಂದು ಮುಖ್ಯಸ್ಥರು ಬಗ್ಗಿ ನೋಡುವಷ್ಟು ಕಪ್ಪು. ಸತು ಹೀರಿ ತೆಗೆದ ಗಾಜು ಇಟ್ಟಳು. ಕಪ್ಪು. ಮೂರನೆಯದನ್ನು ಇಟ್ಟಾಗ ಕತ್ತಲಿನ ಆಳದಿಂದ ಒಂದು ಚುಕ್ಕೆ ಎದ್ದಿತು, ಅದರ ಪಕ್ಕ ಇನ್ನೊಂದು. ನೋಡುನೋಡುತ್ತ ಪ್ರತಿ ಕೋಶದೊಳಗೂ ಸಾಸಿವೆ ಚೆಲ್ಲಿದಂತೆ ನೀಲಿ ಕಾಳುಗಳು. ಸತು ಕೂಡಿಟ್ಟ ಚೀಲಗಳು ಒಂದೊಂದಾಗಿ ಕಾಣತೊಡಗಿದವು.

ಡಾಕ್ಟರಮ್ಮ ಗುಂಡಿ ತಿರುಗಿಸುತ್ತ ಒಂದು ಕೋಶದಿಂದ ಇನ್ನೊಂದಕ್ಕೆ ಹೋದರು, ಬಹಳ ಹೊತ್ತು.

"ಇದನ್ನ ತಗೋತೀನಿ," ಅಂದರು ಕೊನೆಗೆ. "ಇದು ಕಾಯೋದನ್ನ ಕಲಿತಿದೆ." ಮುಕ್ಕಾಲಿನ ಕಡೆ ತಿರುಗಿ, "ನಿಮ್ಮ ಕೆಂಪು ಸತು ಕಂಡ್ರೆ ಚೆನ್ನಾಗೇ ಬೆಳಗುತ್ತೆ. ಆದ್ರೆ ಕೋಶದ ಹೊರಪೊರೆಗೆ ಅಂಟ್ಕೊಂಡು ಕೂತುಬಿಡುತ್ತೆ, ಒಳಗೇ ಹೋಗಲ್ಲ. ಅಂಚು ತೋರಿಸೋಕೆ ಬೇಕಾಗಬಹುದು, ಬಿಸಾಡಬೇಡಿ," ಅಂದರು.

"ಅಂದ್ರೆ ಮುಕ್ಕಾಲು ಗೆದ್ದ ಹಾಗೆ," ಅಂದ ಅವನು, ಬಣ್ಣದಕ್ಕನ ಚೀಲವನ್ನು ತಾನೇ ಎತ್ತಿಕೊಳ್ಳುತ್ತ.

ಮನೆಯ ಬಾಗಿಲು ತೆರೆದ ನಕ್ಷೆಗಾರ, ಗೆದ್ದೆಯಾ ಎಂದು ಕೇಳಲಿಲ್ಲ. ಕೋಶ ಬೆಳಗಿತಾ ಎಂದೂ ಕೇಳಲಿಲ್ಲ. "ಬ್ಲಾಂಕ್ ಹೇಗಿತ್ತು?" ಅಂದ.

"ಕಪ್ಪು ಅಂದ್ರೆ ಕಪ್ಪು. ಮುಖ್ಯಸ್ಥರು ಪರದೆ ಕೆಟ್ಟಿದೆ ಅಂದ್ಕೊಂಡ್ರು."

ಅವನ ಮುಖ ಅರಳಿದ ರೀತಿ ನೋಡಿ ಅತ್ತೆ, "ಇವನೇನು ಕತ್ತಲನ್ನ ಹೆತ್ತವನ ಹಾಗೆ ಆಡ್ತಾನಲ್ಲ," ಅಂದರು. ಅವಳು ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವನು ನಡುನಡುವೆ ತಡೆದು, ಎರಡನೇ ಗಾಜೂ ಕಪ್ಪಾಗಿತ್ತಾ, ಒಂದು ಎಳೆಯೂ ಇರಲಿಲ್ಲವಾ ಎಂದು ಕೇಳಿ ಕೇಳಿ ಖಚಿತಪಡಿಸಿಕೊಂಡ. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡ.

"ಇದರ ಬಗ್ಗೆ ನೀವೆಲ್ಲ ಬರೀತೀರಲ್ಲ, ಪತ್ರಿಕೆಗೆ. ಮಾಡಿದವರ ಹೆಸರೆಲ್ಲ ಹಾಕ್ತೀರಲ್ಲ ಮೇಲ್ಗಡೆ."

"ಹ್ಞೂಂ."

"ಅದರಲ್ಲಿ ನನ್ನ ಹೆಸರೂ ಬರುತ್ತಾ? ಕೊನೇಲಾದ್ರೂ ಪರವಾಗಿಲ್ಲ."

ಬಣ್ಣದಕ್ಕ ಅವನನ್ನು ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ತುಟಿಯ ಕೊನೆ ಮೇಲೇರಿತು.

"ಹಾಕಿಸೋಣ ರೀ. ಇಷ್ಟು ವರ್ಷ ನೀವು ನಕ್ಷೆ ಬರೆದ್ರಲ್ಲ, ಇಸ್ತ್ರಿ ಅಂಗಿ ಹಾಕ್ಕೊಂಡು, ಹೊತ್ತಿಗೆ ಸರಿಯಾಗಿ ತಿಂದ್ಕೊಂಡು. ಅದರಲ್ಲಿ ನನ್ನ ಹೆಸರು ಯಾವ ಮೂಲೇಲಿ ಬರೆದಿದ್ರಿ, ಅದನ್ನೊಂದು ತೋರಿಸಿಬಿಡಿ. ಅದೇ ಮೂಲೇಲಿ ನಿಮ್ಮದನ್ನೂ ಹಾಕಿಸ್ತೀನಿ."

ಅತ್ತೆ ಮುಖ ಆಚೆ ತಿರುಗಿಸಿ, ಭುಜ ಅಲುಗುವಷ್ಟು ನಗುತ್ತಿದ್ದರು. ನಕ್ಷೆಗಾರನೂ ನಿಧಾನಕ್ಕೆ ನಕ್ಕ, ಕಿವಿಯವರೆಗೂ ಕೆಂಪಾಗಿ. ಆಮೇಲೆ, ಮೋಡ ಹಾಕಿದೆ, ಬಟ್ಟೆ ತೆಗೆಯಬೇಕು ಎನ್ನುತ್ತ ಬುಟ್ಟಿ ಎತ್ತಿಕೊಂಡು ತಾರಸಿಯ ಮೆಟ್ಟಿಲು ಹತ್ತಿದ.